ನಾಲ್ಕು ಗಂಟೆ ಆದ ಮೇಲಿನ ಶಾಲೆ

ಜೂನ್ ಮೊದಲ ವಾರ. ಸಂಜೆ ನಾಲ್ಕಕ್ಕೆ ಲಾಂಗ್ ಬೆಲ್ ಹೊಡೆಯಿತು. ಗೇಟಿನ ಹೊರಗೆ ಆಟೋ, ವ್ಯಾನು, ಸ್ಕೂಟರುಗಳ ಗದ್ದಲ. ನಾನೂ ಸ್ಕೂಟಿ ನಿಲ್ಲಿಸಿಕೊಂಡು ಕಾಯುತ್ತಿದ್ದೆ. ಮಗಳು ಬ್ಯಾಗು ಹೊತ್ತು ಓಡಿ ಬಂದಳು. ಅವಳ ಹಿಂದೆ ನಮ್ಮಣ್ಣನ ಮಗನೂ ಬಂದ. ಗೇಟಿನ ತನಕ ಬಂದು ಅಲ್ಲೇ ನಿಂತುಬಿಟ್ಟ. ಇಬ್ಬರದೂ ಒಂದೇ ಯೂನಿಫಾರ್ಮ್, ಒಂದೇ ಥರದ ಟೈ. ಮಗಳು ಗೇಟು ದಾಟಿದಳು. ಅವನು ದಾಟುವ ಹಾಗಿಲ್ಲ. "ನಾಳೆನೂ ಬರ್ತೀಯಾ ಅತ್ತೆ?" ಅಂದ. "ಬರ್ತೀನಪ್ಪಾ" ಅಂದೆ. ಸ್ಕೂಟಿ ತಿರುಗಿಸುವಾಗ ಕನ್ನಡಿಯಲ್ಲಿ ನೋಡಿದೆ. ಇನ್ನೂ ಅಲ್ಲೇ ನಿಂತಿದ್ದ.

ಆವತ್ತು ರಾತ್ರಿ ಅತ್ತಿಗೆ ಫೋನ್ ಮಾಡಿದರು. "ಊಟ ಮಾಡಿದ್ನಾ ಅವನು?" ಅಂತ ಕೇಳಿದರು. ಅವನಿರುವುದು ಶಾಲೆಯ ಬೋರ್ಡಿಂಗಿನಲ್ಲಿ, ನನ್ನ ಮನೆಯಿಂದ ಆರು ಕಿಲೋಮೀಟರ್ ದೂರದಲ್ಲಿ. ನನಗೆ ಗೊತ್ತಿರಲಿಲ್ಲ. ಆ 'ಗೊತ್ತಿಲ್ಲ' ಅನ್ನೋದು ಎಷ್ಟೋ ದಿನ ನನ್ನನ್ನು ಕೊರೆಯುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಓದುವವರು ಮೊದಲು ಕೇಳುವ ಪ್ರಶ್ನೆ ನನಗೆ ಗೊತ್ತು. ದಾವಣಗೆರೆಯಲ್ಲಿ ಸ್ವಂತ ಅತ್ತೆಯ ಮನೆ ಇರುವಾಗ ಹುಡುಗನನ್ನು ಬೋರ್ಡಿಂಗಿಗೆ ಯಾಕೆ ಹಾಕಿದಿರಿ? ನೆಂಟರೆಲ್ಲರೂ ಇದನ್ನೇ ಕೇಳಿದರು. ನಮ್ಮದು ಎರಡು ರೂಮಿನ ಬಾಡಿಗೆ ಮನೆ. ಒಂದು ರೂಮಿನಲ್ಲಿ ನನ್ನ ಅತ್ತೆ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ನಾನು ಕೆಲಸಕ್ಕೆ ಹೋಗುತ್ತೇನೆ. ನಮ್ಮ ಮನೆಯವರು ವಾರದಲ್ಲಿ ನಾಲ್ಕು ದಿನ ಊರಲ್ಲಿ ಇರುವುದಿಲ್ಲ. ಇಷ್ಟಾದರೂ ನಾನು "ಇಲ್ಲೇ ಬಿಡಣ್ಣ" ಅಂದಿದ್ದೆ. ಅಣ್ಣನೇ ಒಪ್ಪಲಿಲ್ಲ. "ನಿನ್ನ ಮನೇಲಿ ಇದ್ರೆ ಅವನು ನೆಂಟ ಆಗ್ತಾನೆ. ಹಾಸ್ಟೆಲ್ನಾಗೆ ಇದ್ರೆ ಎಲ್ರಂಗೆ ಒಬ್ಬ ಆಗ್ತಾನೆ" ಅಂದ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಒಳಗೊಳಗೇ ಸ್ವಲ್ಪ ಹಗುರ ಅನ್ನಿಸಿತ್ತು. ಅದು ನಿಜ. ಗೇಟಿನ ಹತ್ತಿರ ಅವನು ನಿಂತಾಗ ನನಗೆ ಚುಚ್ಚಿದ್ದು ಅದೇ.

ಹುಡುಕಾಟ

ಅಣ್ಣನ ಊರು ಜಗಳೂರು ತಾಲ್ಲೂಕು. ಮಳೆ ಬಂದರೆ ಮೆಕ್ಕೆಜೋಳ, ಶೇಂಗಾ. ಬರದಿದ್ದರೆ ಏನೂ ಇಲ್ಲ. ಹುಡುಗ ಐದನೇ ಕ್ಲಾಸಿನವರೆಗೆ ಊರಿನ ಸರ್ಕಾರಿ ಶಾಲೆಯಲ್ಲೇ ಚೆನ್ನಾಗಿ ಓದಿದ. ಆರನೇ ಕ್ಲಾಸಿಗೆ ನವೋದಯ ಪರೀಕ್ಷೆ ಬರೆದ. ಇಡೀ ಜಿಲ್ಲೆಗೆ ಇರುವುದು 80 ಸೀಟು. ಸಿಗಲಿಲ್ಲ. ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಪಟ್ಟಿಯಲ್ಲೂ ಹೆಸರು ಬರಲಿಲ್ಲ. ಅದೇ ಹೊತ್ತಿಗೆ ನನ್ನ ಮಗಳಿಗೂ ಶಾಲೆ ಬದಲಾಯಿಸಬೇಕಿತ್ತು. ಅವಳ ಹಳೇ ಶಾಲೆಯಲ್ಲಿ ಒಂದು ಸೆಕ್ಷನ್ನಿಗೆ ಅರವತ್ತು ಮಕ್ಕಳು. ಇಬ್ಬರಿಗೂ ಒಂದೇ ಶಾಲೆ ಸಿಕ್ಕರೆ ಒಳ್ಳೆಯದು ಅಂತ ಏಪ್ರಿಲ್ ತಿಂಗಳೆಲ್ಲ ಅಲೆದೆವು.

ದಾವಣಗೆರೆಯಲ್ಲಿ ಶಾಲೆಗಳಿಗೇನು ಬರ. ಒಂದು ಕಾಲಕ್ಕೆ ಹತ್ತಿ ಮಿಲ್ಲಿನ ಊರು ಅನ್ನುತ್ತಿದ್ದರು. ಈಗ ಕಾಲೇಜಿನ ಊರು. 1965ರಲ್ಲಿ ಇಲ್ಲಿ ಮೆಡಿಕಲ್ ಕಾಲೇಜು ಬಂತು. ಆಮೇಲೆ ಇಂಜಿನಿಯರಿಂಗ್, ಡೆಂಟಲ್ ಎಲ್ಲ ಬಂದವು. ಸುತ್ತಲಿನ ಹಳ್ಳಿಯವರಿಗೆಲ್ಲ ಮಕ್ಕಳನ್ನು ಓದಿಸುವುದು ಅಂದರೆ ದಾವಣಗೆರೆಗೆ ಕಳಿಸುವುದು ಅಂತಲೇ ಅರ್ಥ. ನಾವು ನೋಡಿದ ದೊಡ್ಡ ಶಾಲೆಗಳಲ್ಲಿ ಆರನೇ ಕ್ಲಾಸಿನಿಂದಲೇ ನೀಟ್, ಜೆಇಇ ಫೌಂಡೇಶನ್ ಅಂತ ಬೋರ್ಡು ಹಾಕಿದ್ದರು. ಒಂದು ಕಡೆ ರಿಸೆಪ್ಷನ್ನಿನಲ್ಲಿ ಎಸಿ ಇತ್ತು. ಹಾಸ್ಟೆಲ್ ತೋರಿಸಿ ಅಂದೆವು. "ಈಗ ಮಕ್ಕಳಿದ್ದಾರೆ, ಆಗಲ್ಲ" ಅಂದರು. ಮಕ್ಕಳಿರುವಾಗಲೇ ಅಲ್ವಾ ನೋಡಬೇಕಾದ್ದು?

ಅಣ್ಣನ ಊರಿನ ಮೇಷ್ಟ್ರು ಒಬ್ಬರು ಈ ಸಣ್ಣ ಕಾನ್ವೆಂಟಿನ ವಿಷಯ ಹೇಳಿದರು. ಊರಾಚೆ ಇದೆ. ಒಟ್ಟು 280 ಮಕ್ಕಳು. ಅವರಲ್ಲಿ 36 ಹುಡುಗರು ಬೋರ್ಡಿಂಗಿನಲ್ಲಿ ಇರುತ್ತಾರೆ. ಉಳಿದವರು ಡೇ ಸ್ಕಾಲರ್ಸ್. ಹೆಡ್‌ಮಿಸ್ಟ್ರೆಸ್ ಸಿಸ್ಟರ್. ಬೋರ್ಡಿಂಗ್ ನೋಡಿಕೊಳ್ಳುವವರು ಫಾದರ್. ಶಾಲೆಯ ಹೆಸರು ನಾನು ಹೇಳುವುದಿಲ್ಲ. ಒಳ್ಳೆಯದನ್ನು ಹೇಳಿದರೆ ಜಾಹೀರಾತು ಆಗುತ್ತದೆ, ಕೊರತೆ ಹೇಳಿದರೆ ದೂರು ಆಗುತ್ತದೆ. ನನಗೆ ಎರಡೂ ಬೇಡ.

ಅವ್ವನ ಪ್ರಶ್ನೆ

ವಿಷಯ ಗೊತ್ತಾದ ಕೂಡಲೇ ಮನೆಯಲ್ಲಿ ಮಾತು ಶುರುವಾಯಿತು. ದೊಡ್ಡಪ್ಪ "ಅಲ್ಲಿ ಹಾಕಿದ್ರೆ ಹುಡುಗ ನಮ್ಮೋನಾಗಿ ಉಳೀತಾನಾ?" ಅಂದರು. ಅವ್ವ ಅಷ್ಟು ದೂರ ಹೋಗಲಿಲ್ಲ. ಅವಳ ಪ್ರಶ್ನೆ ಸಣ್ಣದು. "ಹಣೆಗೆ ಈಬತ್ತಿ ಹಚ್ಕೊಂಡ್ರೆ ಅಳಿಸ್ಕೊಂಡು ಬಾ ಅಂತಾರಾ? ಕೇಳ್ಕೊಂಡು ಬಾ" ಅಂದಳು.

ಅವ್ವನಿಗೆ ಕ್ರೈಸ್ತರ ಬಗ್ಗೆ ಏನೂ ಸಿಟ್ಟಿಲ್ಲ. ಅಣ್ಣನಿಗೆ ಚಿಕ್ಕಂದಿನಲ್ಲಿ ಜ್ವರ ಇಳಿಯದೇ ಇದ್ದಾಗ ಅವಳೇ ಹರಿಹರದ ಆರೋಗ್ಯ ಮಾತೆಗೆ ಮೇಣದಬತ್ತಿ ಹರಕೆ ಹೊತ್ತವಳು. ಸೆಪ್ಟೆಂಬರ್ 8ರ ಹಬ್ಬಕ್ಕೆ ಅಲ್ಲಿ ಹೋಗಿ ನೋಡಿ. ಕುಂಕುಮ ಇಟ್ಟವರು, ವಿಭೂತಿ ಹಚ್ಚಿದವರು, ಬುರ್ಖಾ ಹಾಕಿದವರು ಎಲ್ಲರೂ ಸಿಗುತ್ತಾರೆ. ಹಾಸ್ಟೆಲ್ಲೂ ನಮಗೆ ಹೊಸದಲ್ಲ. ಸಿರಿಗೆರೆ ಮಠದ ಹಾಸ್ಟೆಲ್ಲಿನಲ್ಲಿ ಓದಿದವರು ನಮ್ಮ ಬಳಗದಲ್ಲೇ ನಾಲ್ಕೈದು ಜನ ಇದ್ದಾರೆ. ಮಠದವರು ಊಟ ಹಾಕಿ ಓದಿಸುವುದನ್ನು ನೋಡಿ ಬೆಳೆದವರು ನಾವು. ಆದರೆ ಮಠದ ಹಾಸ್ಟೆಲ್ಲಿನಲ್ಲಿ ಪ್ರಾರ್ಥನೆ ನಮ್ಮದೇ ಇತ್ತು. ಇಲ್ಲಿ ಬೇರೆ. ಅವ್ವನ ಚಿಂತೆ ಅಷ್ಟೇ. ಅದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ.

ಹಾಗಾಗಿ ನೇರವಾಗಿ ಕೇಳಿದೆ. ಕೇಳುವಾಗ ನನಗೆ ಮುಜುಗರ ಆಗಿತ್ತು. ಸಿಸ್ಟರ್‌ಗೆ ಆಗಲಿಲ್ಲ. "ವಿಭೂತಿ ಹಚ್ಚಿಕೊಳ್ಳಲಿ. ಶಿವದಾರ ಇದ್ದರೂ ಇರಲಿ, ಆಟ ಆಡುವಾಗ ಮಾತ್ರ ಜೋಪಾನ. ಬೆಳಿಗ್ಗೆ ಅಸೆಂಬ್ಲಿಯಲ್ಲಿ ಪ್ರಾರ್ಥನೆ ಇರುತ್ತೆ, ಎಲ್ಲರೂ ನಿಲ್ಲುತ್ತಾರೆ. ಧರ್ಮೋಪದೇಶದ ಪಾಠ ನಮ್ಮ ಕ್ರೈಸ್ತ ಮಕ್ಕಳಿಗೆ ಮಾತ್ರ. ಆ ಪೀರಿಯಡ್‌ನಲ್ಲಿ ಉಳಿದವರಿಗೆ ನೀತಿ ಪಾಠ. ಭಾನುವಾರದ ಪೂಜೆಗೂ ಕ್ರೈಸ್ತ ಹುಡುಗರೇ ಹೋಗುತ್ತಾರೆ. ಉಳಿದವರು ಆಗ ಬಟ್ಟೆ ಒಗೆದುಕೊಳ್ಳುತ್ತಾರೆ" ಅಂದರು. ಇದು ಬರೀ ಅವರ ಒಳ್ಳೆಯತನದ ಮಾತಲ್ಲ. ಸಂವಿಧಾನದ 28ನೇ ವಿಧಿಯಲ್ಲೇ ಇದೆ. ಸರ್ಕಾರದ ಮಾನ್ಯತೆಯೋ ಅನುದಾನವೋ ಇರುವ ಶಾಲೆಯಲ್ಲಿ ಯಾರನ್ನೂ ಒಪ್ಪಿಗೆ ಇಲ್ಲದೆ ಧಾರ್ಮಿಕ ಪಾಠಕ್ಕೆ, ಪೂಜೆಗೆ ಕೂರಿಸುವಂತಿಲ್ಲ. ಚಿಕ್ಕ ಮಕ್ಕಳಾದರೆ ತಂದೆತಾಯಿಯ ಒಪ್ಪಿಗೆ ಬೇಕು. ಇಂಥ ಶಾಲೆಯನ್ನು ಕಟ್ಟಿ ನಡೆಸುವ ಹಕ್ಕು ಅಲ್ಪಸಂಖ್ಯಾತರಾದ ಅವರಿಗೆ 30ನೇ ವಿಧಿಯಲ್ಲಿದೆ. ಬೇಡ ಅನ್ನುವ ಹಕ್ಕು ನಮಗೆ 28ರಲ್ಲಿದೆ. ಎರಡೂ ಒಟ್ಟಿಗೆ ಇರುವುದನ್ನು ನಾನು ಆ ಆಫೀಸ್ ರೂಮಿನಲ್ಲಿ ಕೂತಾಗ ಮೊದಲ ಸಲ ಯೋಚಿಸಿದೆ.

ಅವ್ವನಿಗೆ ಬಂದು ಹೇಳಿದೆ. "ಕೇಳಿದ್ಯಲ್ಲ, ಸಾಕು ಬಿಡು" ಅಂದಳು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಎಷ್ಟೋ ಜನ ಗೊತ್ತಿಲ್ಲದೆ ಹೋಗಿ ಬೇಜಾರು ಮಾಡಿಕೊಳ್ಳುತ್ತಾರೆ. ಅಲ್ಪಸಂಖ್ಯಾತ ಶಾಲೆಗಳಿಗೆ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯ ಆಗುವುದಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆರ್‌ಟಿಇಯ ಉಚಿತ ಸೀಟು ಕೇಳಿಕೊಂಡು ಹೋಗಬೇಡಿ. ಫೀಸು ಕಟ್ಟಲು ಕಷ್ಟ ಇದ್ದರೆ ಅದನ್ನೇ ಬಾಯಿಬಿಟ್ಟು ಹೇಳಿ. ಅಣ್ಣ ಹೇಳಿದ. ಬೋರ್ಡಿಂಗ್ ಫೀಸನ್ನು ಮೂರು ಕಂತು ಮಾಡಿಕೊಟ್ಟರು. ಕೊನೇ ಕಂತು ಶೇಂಗಾ ಮಾರಿದ ಮೇಲೆ.

ಸಂಜೆ ಹೋಗಿ ನೋಡಿದ್ದು

ಇದೆಲ್ಲ ಆದ ಮೇಲೂ ನನಗೆ ಸಮಾಧಾನ ಇರಲಿಲ್ಲ. ಕಾರಣ ಹಳೆಯದು.

ನಾನು ಪಿಯುಸಿ ಓದುವಾಗ ಒಂದು ದೊಡ್ಡ ಹಾಸ್ಟೆಲ್ಲಿನಲ್ಲಿ ಇದ್ದೆ. ಮೊದಲ ವರ್ಷ, ಆಗಸ್ಟ್ ತಿಂಗಳು. ಜ್ವರ ಬಂತು. ಮೂರು ದಿನ ಮಂಚ ಬಿಟ್ಟು ಏಳಲಿಲ್ಲ. ರೂಮಿನ ಹುಡುಗಿಯರು ತಮ್ಮ ಪಾಲಿನ ಗಂಜಿ ತಂದುಕೊಟ್ಟರು. ಹಾಜರಿ ಪುಸ್ತಕದಲ್ಲಿ ಮೂರು ದಿನವೂ ನನ್ನ ಹೆಸರಿನ ಮುಂದೆ ಹಾಜರಿ ಬಿದ್ದಿತ್ತು. ನನ್ನ ಬದಲಿಗೆ ಯಾರೋ ಕೂಗಿದ್ದರು, ವಾರ್ಡನ್ ಬರೆದುಕೊಂಡಿದ್ದರು. ನಾಲ್ಕನೇ ದಿನ ಒಬ್ಬಳು ಎಸ್‌ಟಿಡಿ ಬೂತಿಗೆ ಹೋಗಿ ನಮ್ಮೂರಿನ ಅಂಗಡಿಗೆ ಫೋನ್ ಮಾಡಿದಳು. ಅವ್ವ ಎರಡು ಬಸ್ಸು ಬದಲಾಯಿಸಿಕೊಂಡು ಸಂಜೆಗೆ ಬಂದಳು. ವಾರ್ಡನ್ ಹತ್ತಿರ ಅವ್ವ ಜೋರು ಮಾಡಲಿಲ್ಲ. "ಯಾಕ್ರೀ ಅಮ್ಮಾವ್ರೆ, ಹೇಳಿ ಕಳಿಸ್ಬಾರ್ದಿತ್ತಾ?" ಅಂತ ಮೆಲ್ಲಗೆ ಕೇಳಿದಳು. ಅವರು "ಇನ್ನೂರು ಹುಡುಗೀರಿದಾರೆ. ಯಾರನ್ನ ಅಂತ ನೋಡೋದು ನಾನು?" ಅಂದರು. ಅವರು ಕೆಟ್ಟವರಲ್ಲ. ನಿಜವನ್ನೇ ಹೇಳಿದರು. ಇನ್ನೂರು ಜನರನ್ನು ಒಬ್ಬರು ನೋಡಲು ಆಗುವುದಿಲ್ಲ. ಆ ಮಾತು ಮಾತ್ರ ನನ್ನ ತಲೆಯಿಂದ ಹೋಗಲೇ ಇಲ್ಲ.

ಅದಕ್ಕೇ ಸಿಸ್ಟರ್‌ಗೆ ಕೇಳಿದೆ, "ಸಂಜೆ ಐದು ಗಂಟೆಗೆ ಬಂದು ಬೋರ್ಡಿಂಗ್ ನೋಡಬಹುದಾ?" ಅವರು ಫಾದರ್‌ಗೆ ಫೋನ್ ಮಾಡಿದರು. "ಬನ್ನಿ, ರಾತ್ರಿ ಊಟದವರೆಗೂ ಇದ್ದು ಹೋಗಿ" ಅಂದರು ಅವರು. ಬೇಸಿಗೆಯಾದರೂ ಹತ್ತನೇ ಕ್ಲಾಸಿಗೆ ಹೋಗುವವರು ಮತ್ತು ಮನೆಗೆ ಹೋಗಲಾಗದ ಕೆಲವು ಸಣ್ಣ ಹುಡುಗರು, ಎಲ್ಲ ಸೇರಿ ಹದಿನೈದು ಜನ ಅಲ್ಲಿದ್ದರು. ನಾನು, ಅಣ್ಣ, ಅತ್ತಿಗೆ ಮೂವರೂ ಹೋದೆವು.

ಅಲ್ಲಿ ದೊಡ್ಡದು ಅನ್ನುವಂಥದ್ದು ಏನೂ ಇರಲಿಲ್ಲ. ಹೆಂಚಿನ ಹಳೇ ಕಟ್ಟಡ, ಮುಂದೆ ಬೇವಿನ ಮರ, ಅದಕ್ಕೆ ಕಟ್ಟಿದ ವಾಲಿಬಾಲ್ ನೆಟ್ಟು. ಹುಡುಗರು ಬಣ್ಣದ ಬಟ್ಟೆ ಹಾಕಿಕೊಂಡು ಸ್ಟೀಲ್ ತಟ್ಟೆಯಲ್ಲಿ ಖಾರ ಮಂಡಕ್ಕಿ ತಿನ್ನುತ್ತಿದ್ದರು. ದಾವಣಗೆರೆಯಲ್ಲಿ ಮಂಡಕ್ಕಿ ಇಲ್ಲದ ಸಂಜೆ ಎಲ್ಲಿದೆ ಹೇಳಿ. ಮಲಗುವ ಹಾಲ್‌ನಲ್ಲಿ ಸಾಲಾಗಿ ಮಂಚ, ಪ್ರತಿ ಮಂಚದ ಕೆಳಗೆ ಒಂದು ಟ್ರಂಕು. ಅತ್ತಿಗೆ ಸೀದಾ ಬಚ್ಚಲು, ಕಕ್ಕಸು ನೋಡಲು ಹೋದರು. ಬಕೆಟ್ಟು ಎತ್ತಿ ನೋಡಿದರು, ನಲ್ಲಿ ತಿರುಗಿಸಿ ನೋಡಿದರು. ಹಾಲ್‌ನ ತುದಿಯಲ್ಲೇ ಫಾದರ್ ರೂಮು, ಬಾಗಿಲಿಗೆ ಗಾಜು. ರಾತ್ರಿ ಹುಡುಗರ ಹಾಲ್‌ನಲ್ಲಿ ದೊಡ್ಡವರು ಯಾರು ಮಲಗುತ್ತಾರೆ, ಒಬ್ಬರೇ ಇರುತ್ತಾರಾ, ಹುಡುಗನಿಗೆ ಮನೆಗೆ ಫೋನ್ ಮಾಡಬೇಕು ಅನ್ನಿಸಿದರೆ ಯಾರ ಎದುರು ಮಾಡಬೇಕು, ಎಲ್ಲ ಕೇಳಿದೆ. ಹಾಸ್ಟೆಲ್ ನಡೆಸುವವರು ಯಾರೇ ಆಗಿದ್ದರೂ ಈ ಪ್ರಶ್ನೆಗಳನ್ನು ಕೇಳಲೇಬೇಕು. ಮಠವಾಗಲಿ, ಚರ್ಚಾಗಲಿ, ಸರ್ಕಾರವಾಗಲಿ, ದೊಡ್ಡ ಟ್ರಸ್ಟಾಗಲಿ. ಕಾವಿ, ಬಿಳಿ ನಿಲುವಂಗಿ ನೋಡಿ ನಾಲಿಗೆ ಕಟ್ಟಿಕೊಳ್ಳಬಾರದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡಲು 2012ರಲ್ಲಿ ಪೋಕ್ಸೋ ಕಾಯ್ದೆ ಬಂದಿದ್ದು ಸುಮ್ನೆ ಅಲ್ಲ. ಹಾಲ್‌ನ ಗೋಡೆಯ ಮೇಲೆ ಮಕ್ಕಳ ಸಹಾಯವಾಣಿ 1098 ಅಂತ ದೊಡ್ಡದಾಗಿ ಬರೆದಿತ್ತು. ಹುಡುಗರ ಕಣ್ಣಿಗೆ ಬೀಳುವ ಎತ್ತರದಲ್ಲೇ ಬರೆದಿತ್ತು. ಅದನ್ನು ನೋಡಿ ನನಗೆ ನೆಮ್ಮದಿಯಾಯಿತು.

ಆರು ಗಂಟೆಗೆ ಸ್ಟಡಿ ಬೆಲ್ ಹೊಡೆಯಿತು. ಎಲ್ಲರೂ ಒಳಗೆ ಹೋದರು. ಒಬ್ಬ ಹೋಗಲಿಲ್ಲ. ಎಂಟೊಂಬತ್ತು ವರ್ಷದವನಿರಬೇಕು. ಕಾಂಪೌಂಡ್ ಗೋಡೆಯ ಹತ್ತಿರ ಒಂದು ಕಲ್ಲಿನ ಮೇಲೆ ಹತ್ತಿ ರಸ್ತೆ ನೋಡುತ್ತಾ ನಿಂತಿದ್ದ. ಫಾದರ್ ಅವನನ್ನು ಕರೆಯಲಿಲ್ಲ. ಹತ್ತು ನಿಮಿಷ ಆಗಿರಬಹುದು. ಒಂದು ಖಾಸಗಿ ಬಸ್ಸು ಹಾರನ್ ಹೊಡೆದುಕೊಂಡು ಹೋಯಿತು. ಹುಡುಗ ಕಲ್ಲಿನಿಂದ ಇಳಿದು, ಕೈಕಾಲು ತೊಳೆದುಕೊಂಡು ಒಳಗೆ ಹೋದ. ನಾನು ಫಾದರ್ ಮುಖ ನೋಡಿದೆ. "ಅದು ಅವನ ಊರಿಗೆ ಹೋಗೋ ಬಸ್ಸು. ಬಂದು ಒಂದು ತಿಂಗಳಾಯ್ತು. ಅದನ್ನು ನೋಡಿದ ಮೇಲೆ ಓದೋಕೆ ಕೂರ್ತಾನೆ. ಕಡಿಮೆ ಆಗ್ತಾ ಇದೆ, ಮೊದಲು ಅಳ್ತಿದ್ದ. ಇನ್ನೊಂದು ಹದಿನೈದು ದಿನ ನೋಡ್ತೀನಿ. ಹೀಗೇ ಇದ್ರೆ ಅವರ ತಾಯೀನ ಕರೆಸಿ ಮಾತಾಡ್ತೀನಿ" ಅಂದರು. ಅತ್ತಿಗೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅಣ್ಣ ಏನೂ ಮಾತಾಡಲಿಲ್ಲ. ವಾಪಸ್ ಬರುವಾಗ ಬೈಕ್ ಹತ್ತುವ ಮುಂಚೆ "ಇಲ್ಲೇ ಹಾಕಾಣ" ಅಂದ.

ಅಡುಗೆ ಮನೆಯದೂ ಒಂದು ಮಾತು ಹೇಳಬೇಕು. ಅಡುಗೆ ಮಾಡುವವರು ನ್ಯಾಮತಿ ಕಡೆಯ ತಾಂಡಾದವರು. ಬೋರ್ಡಿಂಗಿನಲ್ಲಿ ನಾಲ್ಕೈದು ಲಂಬಾಣಿ ಹುಡುಗರಿದ್ದಾರೆ. ಬಡಿಸುವಾಗ ಅವರ ಹತ್ತಿರ ಮನೆಯ ಮಾತಿನಲ್ಲೇ ಮಾತಾಡುತ್ತಿದ್ದರು. ಆ ಹುಡುಗರು ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಫಾದರ್ ಹೇಳಿದ ಇನ್ನೊಂದು ವಿಷಯ ಇದು. ಮಲಗುವ ಮುಂಚೆ ಎರಡು ಮೂರು ನಿಮಿಷ ಎಲ್ಲರನ್ನೂ ಕೂರಿಸಿ ಮಾತಾಡುತ್ತಾರಂತೆ. ಆವತ್ತು ನಡೆದದ್ದು, ಯಾರದೋ ಹುಟ್ಟುಹಬ್ಬ, ಯಾರೋ ಜಗಳ ಬಿಡಿಸಿದ್ದು, ಅಂಥವು. ಇದು ಡಾನ್ ಬಾಸ್ಕೊ ಕಾಲದಿಂದ ಬಂದ ರೂಢಿ. 1815ರಲ್ಲಿ ಹುಟ್ಟಿದ ಆ ಪಾದ್ರಿ ಇಟಲಿಯ ಟುರಿನ್ ಊರಿನಲ್ಲಿ ಕೆಲಸ ಹುಡುಕಿಕೊಂಡು ಬಂದ ಬಡ ಹುಡುಗರಿಗೆ ಆಸರೆ ಕೊಟ್ಟವರು. ಅವರ ತಾಯಿ ಮಾರ್ಗರೆಟ್ ಹಳ್ಳಿ ಬಿಟ್ಟು ಬಂದು ಆ ಹುಡುಗರಿಗೆ ಅಡುಗೆ ಮಾಡಿ ಹಾಕುತ್ತಿದ್ದರು. ಮೊದಲು ಬಂದ ಅನಾಥ ಹುಡುಗನನ್ನು ಮಲಗಿಸುವಾಗ ಆಕೆ ಎರಡು ಒಳ್ಳೆ ಮಾತು ಹೇಳಿದರಂತೆ. ಅಲ್ಲಿಂದ ಈ ರಾತ್ರಿ ಮಾತು ಶುರುವಾಯಿತು ಅನ್ನುತ್ತಾರೆ. ಹುಡುಗರು ತಪ್ಪು ಮಾಡಿದ ಮೇಲೆ ಹೊಡೆಯುವುದಲ್ಲ, ಮೊದಲಿಂದಲೇ ಅವರ ಜೊತೆ ಇರುವುದು ಅನ್ನೋದು ಡಾನ್ ಬಾಸ್ಕೊ ಹೇಳಿದ ದಾರಿ. ನನಗೆ ತಾಯಿಯ ಕಥೆ ಜಾಸ್ತಿ ಹಿಡಿಸಿತು.

ಸಣ್ಣದರ ಕಷ್ಟ

ಸಣ್ಣ ಶಾಲೆ ಅಂದರೆ ಎಲ್ಲ ಚೆಂದ ಅಂತ ಹೇಳಿದರೆ ಸುಳ್ಳಾಗುತ್ತದೆ. ಇಲ್ಲಿ ಹೈಸ್ಕೂಲಿಗೆ ಗಣಿತದವರು ಒಬ್ಬರೇ. ಅವರು ಮಧ್ಯದಲ್ಲಿ ಬಿಟ್ಟರೆ ಆ ವರ್ಷದ ಗತಿ ಏನು? ಲ್ಯಾಬ್ ಇದೆ, ಒಂದು ಬೀರು, ಎರಡು ಮೇಜು. ಬೋರ್ಡಿಂಗಿನಲ್ಲಿ ಮುದ್ದೆ ವಾರಕ್ಕೆ ಒಂದೇ ದಿನ. ರೊಟ್ಟಿ ಇಲ್ಲವೇ ಇಲ್ಲ. ನಮ್ಮ ಹುಡುಗ ಮೊದಲ ತಿಂಗಳು ಅನ್ನ ತಿಂದು ತಿಂದು "ಹೊಟ್ಟೆ ತುಂಬಿದಂಗೇ ಆಗಲ್ಲ ಅತ್ತೆ" ಅಂತಿದ್ದ. ಕ್ರಿಸ್‌ಮಸ್‌ಗೆ ರಜೆ ಜಾಸ್ತಿ ಕೊಡುವುದರಿಂದ ದಸರಾ ರಜೆ ಕಡಿಮೆ. ಊರಲ್ಲಿ ಮೆಕ್ಕೆಜೋಳ ಮುರಿಯುವ ಹೊತ್ತಿಗೆ ಮನೆಗೆ ಹೋಗುವುದು ಕಷ್ಟ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ಎಷ್ಟು ದಿನ ಬಿಡುತ್ತೀರಿ ಅಂತ ಅಣ್ಣ ಮೊದಲೇ ಕೇಳಿ ಇಟ್ಟುಕೊಂಡ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಸಣ್ಣ ಶಾಲೆ ನಿಂತಿರುವುದು ಮನುಷ್ಯರ ಮೇಲೆ. ಕಥೋಲಿಕ ಶಾಲೆಗಳಲ್ಲಿ ಫಾದರ್, ಸಿಸ್ಟರ್ ಒಂದೇ ಕಡೆ ಇರುವುದಿಲ್ಲ. ಬಿಷಪ್ಪರ ಧರ್ಮಪ್ರಾಂತ್ಯದಿಂದಲೋ ಅವರು ಸೇರಿದ ಸನ್ಯಾಸಿ ಸಂಘದಿಂದಲೋ ವರ್ಗಾವಣೆ ಬರುತ್ತದೆ. ಬಂದರೆ ಪೆಟ್ಟಿಗೆ ಕಟ್ಟಿಕೊಂಡು ಹೊರಡುವುದೇ. ಯಾರ ಮುಖ ನೋಡಿ ನಾವು ಮಗುವನ್ನು ಬಿಟ್ಟೆವೋ ಅವರು ಎರಡು ವರ್ಷದಲ್ಲಿ ಬೇರೆ ಊರಲ್ಲಿ ಇರಬಹುದು. ಇದನ್ನು ನಾನು ಫಾದರ್‌ಗೇ ಕೇಳಿದೆ. "ನಿಜ. ನನಗಿದು ಮೂರನೇ ವರ್ಷ. ಯಾವಾಗ ಬೇಕಾದರೂ ಪತ್ರ ಬರಬಹುದು. ನೀವು ನನ್ನನ್ನು ನೋಡಿ ಸೇರಿಸಬೇಡಿ" ಅಂದರು. ಹಾಗಾದರೆ ಯಾರನ್ನು ನೋಡುವುದು? ಆಮೇಲೆ ನಾನು ಅಲ್ಲೇ ಉಳಿಯುವವರನ್ನು ನೋಡಿದೆ. ಕನ್ನಡ ಮೇಡಂ ಬಂದು 19 ವರ್ಷ ಆಗಿದೆ. ಅವರ ಮಕ್ಕಳೂ ಇಲ್ಲೇ ಓದಿದ್ದಾರೆ. ಅಡುಗೆಯವರು 11 ವರ್ಷದಿಂದ ಇದ್ದಾರೆ. ಗೇಟಿನ ಹತ್ತಿರ ಕೂರುವ ಅಜ್ಜನಿಗೆ ಪ್ರತಿ ಹುಡುಗನ ಊರೂ ಗೊತ್ತು, ಯಾರ ಅಪ್ಪ ಯಾವ ಗಾಡಿಯಲ್ಲಿ ಬರುತ್ತಾರೆ ಅನ್ನೋದೂ ಗೊತ್ತು. ಫಾದರ್ ಬದಲಾದರೂ ಇವರು ಇರುತ್ತಾರೆ. ಅಡ್ಮಿಷನ್ ಮಾಡಿಸುವ ಮುಂಚೆ ನಾನು ಕೊನೆಗೆ ಮಾತಾಡಿಸಿದ್ದು ಈ ಮೂವರನ್ನೇ.

ಈಗ

ಆಗಸ್ಟಿನಲ್ಲಿ ಒಂದು ದಿನ ಮಗಳು ಕೇಳಿದಳು. "ಅಮ್ಮಾ, ನಾನೂ ಆರು ಗಂಟೆವರೆಗೂ ಅಲ್ಲೇ ಇರ್ಲಾ?" ಡೇ ಸ್ಕಾಲರ್ಸ್ ಯಾರಾದರೂ ಸಂಜೆ ಆಟಕ್ಕೆ ಉಳಿಯುವುದಾದರೆ ಉಳಿಯಬಹುದು ಅಂತ ಸಿಸ್ಟರ್ ಒಪ್ಪಿದರು. ನನಗೂ ಅನುಕೂಲವಾಯಿತು. ಈಗ ನಾನು ಗೇಟಿಗೆ ಹೋಗುವುದು ಆರಕ್ಕೆ. ನಾಲ್ಕು ಗಂಟೆಗೆ ಅವನು ಒಬ್ಬನೇ ನಿಲ್ಲುವುದು ತಪ್ಪಿತು. ಅವನಿಗೆ ಎಷ್ಟು ಹಗುರವಾಯಿತೋ, ಬಹುಶಃ ನನಗೇ ಜಾಸ್ತಿ. ಅತ್ತಿಗೆ ಈಗಲೂ ಒಮ್ಮೊಮ್ಮೆ ರಾತ್ರಿ ಫೋನ್ ಮಾಡಿ ಅದೇ ಪ್ರಶ್ನೆ ಕೇಳುತ್ತಾರೆ. ಮಂಡಕ್ಕಿ ತಿಂದ, ಮಗಳ ಪಾಲಿನದನ್ನೂ ತಿಂದ ಅಂತ ಈಗ ಹೇಳಬಹುದು. ರಾತ್ರಿ ಊಟದ್ದು ಈಗಲೂ ಗೊತ್ತಿಲ್ಲ.

ಮೊನ್ನೆ ಹೋದಾಗ ಮಗಳು ಗೇಟಿನ ಹತ್ತಿರ ಒಬ್ಬಳೇ ಇದ್ದಳು. ಅವನೆಲ್ಲಿ ಅಂದೆ. ಗೋಡೆಯ ಕಡೆ ಕೈ ತೋರಿಸಿದಳು. ತಡವಾಗಿ ಸೇರಿದ ಒಬ್ಬ ಸಣ್ಣ ಹುಡುಗ ಅದೇ ಕಲ್ಲಿನ ಮೇಲೆ ನಿಂತಿದ್ದ. ನಮ್ಮ ಹುಡುಗ ಪಕ್ಕದಲ್ಲಿ ನಿಂತು, ಅವನು ಬೀಳದ ಹಾಗೆ ಅಂಗಿ ಹಿಡಿದುಕೊಂಡಿದ್ದ. ಸ್ಟಡಿ ಬೆಲ್ ಆಗಲೇ ಹೊಡೆದಿತ್ತು. ಗೇಟಿನ ಅಜ್ಜ "ಇನ್ನೂ ಬಂದಿಲ್ಲ ಕಣವ್ವ ಬಸ್ಸು, ಇವತ್ತು ಲೇಟು" ಅಂದರು. ನಾನು ಸ್ಕೂಟಿ ಆಫ್ ಮಾಡಿದೆ. ಮಗಳು ಹಿಂದೆ ಹತ್ತಿ ಕೂತಳು. ನಾವೂ ಕಾದೆವು.